ಸ್ವಂತ ಮನೆ ಇಲ್ಲದವರಿಗೆ ಮಾತ್ರ

ನಿವೃತ್ತಳಾದ ಮೇಲೂ ನನ್ನ ಬೆನ್ನು ಬಿಡದ ಪ್ರಶ್ನೆ ಒಂದೇ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಿರುತ್ತೇನೆ. ಪಕ್ಕದವರು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ, "ಮೇಡಂ, ಮೊದಲನೇ ಮನೆ ತಗೊಂಡ್ರೆ ಸರ್ಕಾರದಿಂದ ಏನೋ ವಾಪಸ್ ಬರುತ್ತಂತಲ್ಲ, ಈಗ್ಲೂ ಇದ್ಯಾ?" ಎನ್ನುತ್ತಾರೆ. ಊಟ ಮಾಡಲಿಕ್ಕಾದರೂ ಬಿಡಿ ಎಂದು ರೇಗಬೇಕೆನಿಸುತ್ತದೆ. ರೇಗುವುದೂ ಉಂಟು. ಆದರೆ ಪಾಯಸ ಬರುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿರುತ್ತೇನೆ. ಮೈಸೂರಿನ ಒಂದು ಬ್ಯಾಂಕಿನಲ್ಲಿ, ಮನೆ ಸಾಲದ ಮೇಜಿನ ಹಿಂದೆ ಆಯುಷ್ಯದ ಬಹುಪಾಲು ಕಳೆದವಳು ನಾನು. ಬಾಯಿ ಸುಮ್ಮನಿರು ಎಂದರೆ ಇರುವುದಿಲ್ಲ.

ಈಗ ಆ ಮೇಜಿಗೆ ಬರುತ್ತಿರುವ ಮಕ್ಕಳಿಗೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ. ನಿಮ್ಮ ಕೈಯಲ್ಲಿ ಆ್ಯಪ್ ಇದೆ, ಸೈಟಿನ ಫೋಟೋ ತೆಗೆದರೆ ಅದು ಭೂಮಿಯ ಮೇಲೆ ಎಲ್ಲಿದೆ ಎಂದು ತಾನೇ ಹೇಳುತ್ತದೆ. ನಾನು ಸೇರಿದಾಗ ಬೋಗಾದಿಗೆ ಸ್ಥಳ ನೋಡಲು ಹೋಗುವುದೆಂದರೆ ಸೀರೆಯ ನೆರಿಗೆ ಎತ್ತಿ ಹಿಡಿದು ಹೊಲದ ಬದುವಿನ ಮೇಲೆ ನಡೆಯುವುದು. ಮಾರುವವನು ನಾಲ್ಕು ಕಲ್ಲು ತೋರಿಸಿ ಇದೇ ಸೈಟು ಅನ್ನುತ್ತಿದ್ದ. ಮುಂದಿನ ಸಲ ಹೋದಾಗ ಆ ಕಲ್ಲುಗಳು ರಸ್ತೆಗೆ ಇನ್ನಷ್ಟು ಹತ್ತಿರ ಬಂದಿರುತ್ತಿದ್ದವು. ಕೇಳಿದರೆ, ದನ ಒದ್ದಿರಬೇಕು ಮೇಡಂ ಎನ್ನುತ್ತಿದ್ದ. ಅಂಥವರ ಜೊತೆ ಜಗಳವಾಡಿಯೇ ನನ್ನ ಗಂಟಲು ಇಷ್ಟು ದೊಡ್ಡದಾದದ್ದು.

ನನ್ನ ಮೊದಲ ಮ್ಯಾನೇಜರು ಮಹಾ ಸಿಡುಕರು. ನಾನು ಬರೆದುಕೊಟ್ಟ ಮೊದಲ ಪರಿಶೀಲನಾ ವರದಿಯನ್ನು ಓದಿ ಮೇಜಿನ ಮೇಲೆ ಹಾಗೇ ಜಾರಿಸಿ ವಾಪಸ್ ಕಳಿಸಿದರು. "ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಂತೆಲ್ಲ ಬರ್ದಿದೀರಿ. ಆ ಮನೇಲಿ ಯಾರ್ ಎಲ್ಲಿ ಮಲಗ್ತಾರೆ ಅಂತ ಬರೆದೇ ಇಲ್ಲ. ಸಾಲ ತೀರಿಸೋದು ಗೋಡೆ ಅಲ್ಲ ಕಣಮ್ಮ" ಎಂದರು. ನನಗೆ ಮೈಯೆಲ್ಲ ಉರಿಯಿತು. ಪರರ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂದು ಕೇಳುವುದು ಯಾವ ಮರ್ಯಾದೆ ಎಂದು ಗೊಣಗಿಕೊಂಡೇ ಮತ್ತೆ ಹೋದೆ. ಕೇಳಿದರೆ ಜನ ಬೇಜಾರು ಮಾಡಿಕೊಳ್ಳಲಿಲ್ಲ. ಕಾಫಿ ಕೊಟ್ಟು ಹೇಳಿದರು. ಅಂದಿನಿಂದ ಕೊನೆಯವರೆಗೂ ನಾನು ಆ ಪ್ರಶ್ನೆ ಬಿಟ್ಟಿಲ್ಲ.

ಆಮೇಲೆ ಮೊದಲ ಮನೆಗೆ ಬಡ್ಡಿಯ ಸಹಾಯಧನ ಬಂತು. ಮನೆ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಮೊದಲಿಂದಲೂ ಇತ್ತು. ಆದರೆ ತೆರಿಗೆ ಕಟ್ಟುವಷ್ಟು ಸಂಬಳವಿದ್ದವರಿಗೆ ತಾನೇ ಅದರ ಸುಖ? ಅಷ್ಟೂ ಇಲ್ಲದವರಿಗೆಂದು ಈ ಹೊಸದು. ಸರ್ಕಾರದ ಪಾಲು ನೇರವಾಗಿ ಸಾಲದ ಖಾತೆಗೆ ಬೀಳುತ್ತಿತ್ತು, ತಿಂಗಳ ಕಂತು ಇಳಿಯುತ್ತಿತ್ತು. ಷರತ್ತುಗಳಲ್ಲಿ ಮುಖ್ಯವಾದವು ಎರಡು. ಮನೆ ಹೆಂಗಸಿನ ಹೆಸರಿನಲ್ಲಿರಬೇಕು, ಇಲ್ಲವೇ ಅವಳ ಹೆಸರೂ ಸೇರಿರಬೇಕು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರಲ್ಲಿ ಯಾರ ಹೆಸರಿನಲ್ಲೂ ಇಡೀ ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ, ಅಂದರೆ ಗಟ್ಟಿ ಛಾವಣಿಯ ಮನೆ, ಇರಕೂಡದು.

ಮೊದಲ ಷರತ್ತು ಗಂಡಸರ ಮುಖ ಕೆಡಿಸಿತು. ರಾಜೀವನಗರದಿಂದ ಒಬ್ಬ ಗ್ಯಾರೇಜಿನವನು ತಾಯಿ ಮತ್ತು ಹೆಂಡತಿ ಇಬ್ಬರನ್ನೂ ಕರೆದುಕೊಂಡು ಬಂದಿದ್ದ. ಅತ್ತೆ ಒಂದು ಕಡೆ ನೋಡುತ್ತಿದ್ದರು, ಸೊಸೆ ಇನ್ನೊಂದು ಕಡೆ. ಅವನು ನಡುವೆ ಕೂತು ಬೆವರು ಒರೆಸಿಕೊಂಡು, "ಅಮ್ಮನ ಹೆಸರು ಹಾಕುದ್ರೆ ಇವಳು ಊಟ ಹಾಕಲ್ಲ, ಇವಳ ಹೆಸರು ಹಾಕುದ್ರೆ ಅಮ್ಮ ಊಟ ಮಾಡಲ್ಲ. ಇಬ್ರುದ್ದೂ ಹಾಕ್ಬುಡಿ ಮೇಡಂ, ನಂದು ಇಲ್ದಿದ್ರೂ ಪರ್ವಾಗಿಲ್ಲ" ಎಂದ. ಹೆಸರು ಇಲ್ಲದಿದ್ದರೂ ಕಂತು ನೀನೇ ಕಟ್ಟಬೇಕಪ್ಪ ಎಂದಾಗ, ಅದು ಗೊತ್ತಿರೋದೇ ಬುಡಿ ಎಂದು ನಕ್ಕ. ನಗುನಗುತ್ತಲೇ ಆ ಸಾಲ ಕೊಟ್ಟೆವು.

ಎರಡನೆಯದು ಹಾಗಲ್ಲ. ಸ್ವಂತ ಮನೆ ಇದೆಯಾ ಎಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಊರಿನಲ್ಲಿ ಅಣ್ಣತಮ್ಮಂದಿರ ಜೊತೆ ಹಂಚಿಕೊಂಡ ಮನೆಯನ್ನು ಅವರು ತಮ್ಮದೆಂದು ಎಣಿಸಿರುವುದೇ ಇಲ್ಲ. ನನ್ನ ಜೊತೆಯ ಅಧಿಕಾರಿಯೊಬ್ಬರು ಇದ್ಯಾ, ಇಲ್ವಾ ಎಂದಷ್ಟೇ ಕೇಳಿ ಒಂದು ಅರ್ಜಿ ಪಾಸು ಮಾಡಿದರು. ಆಮೇಲೆ ವಿಚಾರಣೆಯಲ್ಲಿ ಹಳ್ಳಿಯ ಮನೆ ಹೊರಬಿದ್ದು, ಸಹಾಯಧನ ವಾಪಸ್ ಹೋಗಿ, ಕಂತು ಏರಿ, ಆ ಸಂಸಾರ ಹೊಸ ಮನೆಯನ್ನೇ ಮಾರಿಕೊಂಡು ಹೋಯಿತು. ಅವತ್ತಿನಿಂದ ನಾನು ಮನೆ ಇದೆಯಾ ಎಂದು ಕೇಳುವುದನ್ನೇ ಬಿಟ್ಟೆ. ಹಬ್ಬಕ್ಕೆ ಎಲ್ಲಿಗೆ ಹೋಗ್ತೀರಿ ಎಂದು ಕೇಳುತ್ತಿದ್ದೆ. ಈ ಒಂದು ಪ್ರಶ್ನೆಗೆ ನಮ್ಮ ಜನ ತಾವಾಗಿ ಎಲ್ಲವನ್ನೂ ಹೇಳಿಬಿಡುತ್ತಾರೆ.

ಶೈಲಜ ಹೇಳಿದ್ದೂ ಹಾಗೆಯೇ. ಬೋಗಾದಿಯಲ್ಲಿ ಬಾಡಿಗೆಗೆ ಇದ್ದ ಹೆಣ್ಣುಮಗಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಮಹೇಶ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೋಗಾದಿಯಿಂದ ಆಚೆಯ ಬಡಾವಣೆಯಲ್ಲಿ ಒಂದು ಚಿಕ್ಕ ಮನೆ ನೋಡಿ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಏಕಿಷ್ಟು ಅವಸರ ಎಂದು ಕೇಳಿದೆ.

"ಮಿಷನ್ ಸದ್ದಿಗೆ ಓನರ್ ಬೈತಾರೆ ಮೇಡಂ. ಮಧ್ಯಾಹ್ನ ಓಡಿಸ್ಬೇಡಿ, ಸಂಜೆ ಮೇಲೆ ಓಡಿಸ್ಬೇಡಿ ಅಂತಾರೆ. ಯಾರಾದ್ರೂ ನೆಂಟ್ರು ಬಂದ್ರೆ ನೀರು ಜಾಸ್ತಿ ಆಯ್ತು ಅಂತಾರೆ. ನಮ್ಮನೆ ಅಂತ ಒಂದಾಗ್ಬುಟ್ರೆ ಸಾಕು, ಮನಸ್ ಬಂದಾಗ ಹೊಲಿಬೋದು" ಎಂದಳು.

ಅವಳು ಆಸೆ ಪಟ್ಟದ್ದು ಇಷ್ಟೇ. ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿತು. ಎಲ್ಲ ಸರಿಯಾಗಿತ್ತು. ಅಭ್ಯಾಸದಂತೆ, ಗೌರಿ ಹಬ್ಬಕ್ಕೆ ಎಲ್ಲಿಗೆ ಹೋಗ್ತೀರಿ ಎಂದು ಕೇಳಿದೆ.

"ಲಕ್ಷ್ಮೀಪುರಂಗೆ ಮೇಡಂ, ತವರಿಗೆ. ಅಲ್ಲಿ ನಂದೇ ಒಂದು ರೂಮಿದೆ" ಎಂದು ಖುಷಿಯಾಗಿ ಹೇಳಿದಳು.

ಪೆನ್ನು ಕೆಳಗಿಟ್ಟೆ. ನಿಂದೇ ಅಂದರೆ ಹೇಗೆ ಎಂದೆ. ಅವಳ ಅಪ್ಪ ತೀರಿಕೊಳ್ಳುವ ಮುಂಚೆ, ಹಳೆಯ ಮನೆಯ ಪಕ್ಕದ ಭಾಗವನ್ನು, ಅಂದರೆ ಒಂದು ಕೋಣೆ, ಒಂದು ಚಿಕ್ಕ ಅಡುಗೆಮನೆ, ಓಣಿಗೆ ತೆರೆಯುವ ಬಾಗಿಲು, ಇಷ್ಟನ್ನು ಮಗಳಿಗೆ ಅರಿಶಿನ ಕುಂಕುಮಕ್ಕೆ ಎಂದು ದಾನಪತ್ರ ಮಾಡಿ ಬರೆದುಕೊಟ್ಟಿದ್ದರು. ನಮ್ಮ ಕಡೆ ಇದು ಇದ್ದದ್ದೇ. ಮಗಳಿಗೆ ಪಾಲೆಂದು ಕೊಡುವುದಿಲ್ಲ, ಅರಿಶಿನ ಕುಂಕುಮಕ್ಕೆ ಎಂದು ಕೊಡುತ್ತಾರೆ. ಉಳಿದದ್ದು ಅವಳ ತಮ್ಮ ನಾಗೇಂದ್ರನಿಗೆ. ಅವನದು ಹಾರ್ಡ್‌ವೇರ್ ಅಂಗಡಿ. ಆ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದೆ. ಅಮ್ಮ ಮಲಗುತ್ತಾರೆ ಎಂದಳು.

ಹೇಳಲೇಬೇಕಿತ್ತು, ಹೇಳಿದೆ. ಛಾವಣಿ ಆರ್‌ಸಿಸಿ, ಪತ್ರ ನಿನ್ನ ಹೆಸರಿನಲ್ಲಿ, ಸರ್ಕಾರದ ಪ್ರಕಾರ ನಿನಗೆ ಈಗಾಗಲೇ ಮನೆ ಇದೆ ಎಂದೆ. ಸಹಾಯಧನವಿಲ್ಲದೆ ಕಂತು ಮಹೇಶನ ಸಂಬಳಕ್ಕೆ ಎಟಕುತ್ತಿರಲಿಲ್ಲ. ಆ ಕೋಣೆ ಬೇರೆಯವರ ಹೆಸರಿಗೆ ಹೋದರೆ ಮಾತ್ರ ದಾರಿ. ಶೈಲಜ ತಲೆ ತಗ್ಗಿಸಿ ಕೂತಳು. ಮಹೇಶನೇ, "ತಮ್ಮನಿಗೆ ಬರ್ಕೊಟ್ಬುಟ್ರೆ ಆಗುತ್ತಾ ಮೇಡಂ?" ಎಂದು ಕೇಳಿದ. ಆಗುತ್ತೆ, ಆದರೆ ನಿಮ್ಮತ್ತೆಯ ಹೆಸರಿಗೆ ಬರೆಯಿರಿ, ಅಲ್ಲಿ ಇರುವವರು ಅವರೇ ತಾನೇ ಎಂದೆ. ಅವರನ್ನು ಕೇಳಿ ಬರುತ್ತೇವೆಂದು ಎದ್ದರು.

ಒಂದೆರಡು ದಿನ ಬಿಟ್ಟು ಶೈಲಜಳ ತಾಯಿ ಗೌರಮ್ಮ ಒಬ್ಬರೇ ಆಟೋದಲ್ಲಿ ಬ್ಯಾಂಕಿಗೆ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಬಟ್ಟೆ ಚೀಲ. ಕುರ್ಚಿಯ ತುದಿಯಲ್ಲಿ ಕೂತರು.

"ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದನ್ನ ವಾಪಸ್ ಕೊಟ್ಬುಟ್ರೆ ಮುತ್ತೈದೆತನಕ್ಕೆ ಒಳ್ಳೇದಲ್ಲ ತಾಯಿ. ಅಳಿಯಂದ್ರಿಗೆ ಏನಾದ್ರೂ ಆಗ್ಬುಟ್ರೆ? ಎಂಗಾದ್ರೂ ಮಾಡಿ ಅದನ್ನ ಬುಟ್ಬುಟ್ಟು ಸಾಲ ಕೊಡಿ" ಎಂದರು.

ಆಗುವುದಿಲ್ಲಮ್ಮ ಎಂದೆ.

"ಸರ್ಕಾರದೋರು ಹೆಣ್ಮಕ್ಳ ಅರಿಶಿನ ಕುಂಕುಮಾನೂ ಮನೆ ಲೆಕ್ಕಕ್ಕೆ ಹಿಡೀತಾರಾ?"

ದೇಶದಲ್ಲಿ ಎಲ್ಲೂ ಮನೆ ಇಲ್ಲದವರಿಗೆ ಮಾತ್ರ ಈ ಸಹಾಯ, ಸೂರು ಇದ್ದರೆ ಮನೆ ಎಂದೇ ಲೆಕ್ಕ ಎಂದೆ. ಮತ್ತೆ ಅದೇ ಮಾತು ಹೇಳಿದೆ. ತಮ್ಮನಿಗೆ ಬೇಡ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಕೋಣೆ ನಿಮ್ಮ ಕೈಯಲ್ಲೇ ಉಳಿಯುತ್ತದೆ, ಮಗಳಿಗೂ ಮನೆಯಾಗುತ್ತದೆ ಎಂದು ಬಿಡಿಸಿ ಹೇಳಿದೆ. ಆ ಹೆಂಗಸು ಕುರ್ಚಿಯಲ್ಲೇ ಹಿಂದಕ್ಕೆ ಸರಿದರು.

"ಗಂಡ ಹೋದೋಳು ನಾನು. ಮಗಳ ಅರಿಶಿನ ಕುಂಕುಮಾನ ಇಸ್ಕೊಳ್ಳೋಕೆ ಕೈ ಒಡ್ತೀನಾ? ಅಂಥ ಮಾತು ಆಡ್ಬೇಡಿ ತಾಯಿ" ಎಂದರು. ಕಣ್ಣು ತುಂಬಿಕೊಂಡಿತ್ತು.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಯಾರ ಮೇಲೆ ಎಂದು ಹೇಳಲೂ ಬರುವುದಿಲ್ಲ. ಕಾನೂನು ನನಗೆ ಗೊತ್ತಿತ್ತು, ಆದರೆ ಆ ನಂಬಿಕೆಯನ್ನು ಯಾವ ಕಾನೂನು ಹೇಳಿ ಬಿಡಿಸಲಿ? ನೀರು ತರಿಸಿ ಕೊಟ್ಟೆ. ಕುಡಿದು, ಲೋಟವನ್ನು ಸೆರಗಿನಿಂದ ಒರೆಸಿಟ್ಟು ಹೊರಟರು.

ಅವರ ಮಠದ ಹಿರಿಯ ಅಯ್ಯನವರು ಒಂದು ದಾರಿ ಹೇಳಿದರಂತೆ. ಕೋಣೆಯನ್ನು ತಮ್ಮನಿಗೇ ಕೊಡಲಿ, ತವರಿನವರು ಅದೇ ಗಳಿಗೆಯಲ್ಲಿ ಸೀರೆ ಕೊಟ್ಟು ಮಡಿಲು ತುಂಬಲಿ, ಆಗ ಅರಿಶಿನ ಕುಂಕುಮ ಹಿಂದಕ್ಕೆ ಹೋದ ಹಾಗಾಗುವುದಿಲ್ಲ ಎಂದು. ಶೈಲಜ ತಮ್ಮನಿಗೆ ಪತ್ರ ಮಾಡಿಕೊಟ್ಟ ದಿನ ಬೇರೊಂದು ನೋಂದಣಿಗಾಗಿ ನಾನೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿದ್ದೆ. ಹೆಬ್ಬೆಟ್ಟಿನ ಮಸಿ ಇನ್ನೂ ಆರಿರಲಿಲ್ಲ, ವರಾಂಡದ ಬೆಂಚಿನ ಮೇಲೆ ಶೈಲಜ ಸೆರಗು ಒಡ್ಡಿ ಕೂತಿದ್ದಳು. ನಾಗೇಂದ್ರನ ಹೆಂಡತಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಹಾಕಿದಳು. ನಾಗೇಂದ್ರ ಸೀರೆ ಕೊಟ್ಟು ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪತ್ರ ಬರೆಯುವವರು, ಸ್ಟಾಂಪು ಮಾರುವವರು ಎಲ್ಲ ಕೆಲಸ ನಿಲ್ಲಿಸಿ ನೋಡಿದರು. "ತವರು ನಿಂದೇ ಕಣಕ್ಕ, ಯಾವಾಗ ಬೇಕಾದ್ರೂ ಬಾ" ಎಂದು ಅವನು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಗಳಿಗೆಯಲ್ಲಿ ಅವನು ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ನನಗೆ ಅನುಮಾನವಿಲ್ಲ.

ಸಾಲ ಮಂಜೂರಾಯಿತು, ಸಹಾಯಧನವೂ ಬಂತು. ಗೃಹಪ್ರವೇಶಕ್ಕೆ ಕರೆದಿದ್ದರು, ಹೋಗಿದ್ದೆ. ಅಲ್ಲಿ ಎಲ್ಲರ ಕಣ್ಣೂ ಮಹೇಶನ ಮೇಲೆ. ಗೌರಮ್ಮ ಅವನಿಗೆ ದೃಷ್ಟಿ ತೆಗೆದದ್ದೇ ತೆಗೆದದ್ದು. ಸ್ಕೂಟರ್ ಓಡಿಸಬೇಡಿ, ಏಣಿ ಹತ್ತಬೇಡಿ, ಬಿಸಿಲಿಗೆ ಹೋಗಬೇಡಿ. ಪಾಪ, ಒಮ್ಮೆ ಸೀನಿದರೂ ಅತ್ತೆಯ ಮುಖ ಬಿಳಿಚಿಕೊಳ್ಳುತ್ತಿತ್ತು. "ನಮ್ಮತ್ತೆ ದೆಸೆಯಿಂದ ಕೆಮ್ಮೋಕೂ ಭಯ ಮೇಡಂ" ಎಂದು ನನ್ನ ಹತ್ತಿರ ನಕ್ಕ. ಅವನಿಗೆ ಏನೂ ಆಗಲಿಲ್ಲ. ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದ್ದಾನೆ, ನೂರು ವರ್ಷ ಇರಲಿ. ಎಲ್ಲರೂ ಅವನನ್ನು ಕಾಯುತ್ತಿದ್ದರು. ಕೆಟ್ಟದ್ದು ಇನ್ನೊಂದು ಕಡೆಯಿಂದ ಬಂತು.

ಲಕ್ಷ್ಮೀಪುರಂನಂಥ ಜಾಗದಲ್ಲಿ ಹಳೆಯ ಮನೆ ಎಂದರೆ ಕೊಳ್ಳುವವರು ಬಾಗಿಲಲ್ಲೇ ನಿಂತಿರುತ್ತಾರೆ. ಪಕ್ಕದ ಭಾಗ ಅಕ್ಕನ ಹೆಸರಿನಲ್ಲಿದೆ ಎಂದು ಇಷ್ಟು ಕಾಲ ಅವರು ಬಂದ ದಾರಿಯಲ್ಲೇ ಹೋಗುತ್ತಿದ್ದರು. ಈಗ ಇಡೀ ಮನೆ ಒಬ್ಬನದಾಯಿತು. ನಾಗೇಂದ್ರ ಕೆಟ್ಟವನಲ್ಲ. ಅಂಗಡಿ ನಡೆಯುತ್ತಿರಲಿಲ್ಲ, ಗೋಡೆ ಬಿರುಕು ಬಿಟ್ಟಿತ್ತು, ಹೆಂಡತಿ ಹೊಸ ಮನೆ ಬೇಕೆನ್ನುತ್ತಿದ್ದಳು. ಬಿಲ್ಡರ್ ಒಬ್ಬರು ಬಂದರು, ಅವನು ಮಾರಿದ. ಮೂರನೇ ಮಹಡಿಯ ಫ್ಲಾಟಿಗೆ ಹೋದ. ಅಕ್ಕನಿಗೆ ಗೊತ್ತಾದದ್ದು ಮನೆ ಕೆಡವಲು ಶುರು ಮಾಡಿದ ಮೇಲೆ.

ಇದೆಲ್ಲ ನನಗೆ ತಿಳಿದದ್ದು ನಿವೃತ್ತಿಗೆ ಸ್ವಲ್ಪ ಮುಂಚೆ. ಸಹಾಯಧನ ಪಡೆದವರು ಆ ಮನೆಯಲ್ಲೇ ವಾಸವಿದ್ದಾರೆಯೇ, ಬಾಡಿಗೆಗೆ ಕೊಟ್ಟಿದ್ದಾರೆಯೇ ಎಂದು ಹೋಗಿ ನೋಡಿ ಬರಬೇಕಿತ್ತು. ಶೈಲಜಳ ಮನೆಗೆ ಹೋದಾಗ ಬೆಳಗ್ಗೆ ಹನ್ನೊಂದು ಗಂಟೆಯಿರಬಹುದು. ಮುಂದಿನ ಕೋಣೆಯಲ್ಲಿ ಮಿಷನ್ನು ಓಡುತ್ತಿತ್ತು. ಸದ್ದು ಬೀದಿಗೂ ಕೇಳುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿ ಎದ್ದು ಬಂದಳು. ನಗಲು ಹೋಗಿ ಅತ್ತುಬಿಟ್ಟಳು.

"ಒಂದ್ಮಾತು ಕೇಳ್ಲಿಲ್ಲ ಮೇಡಂ. ಯಾಕೋ ನಂಗೆ ಹೇಳ್ಲಿಲ್ಲ ಅಂದ್ರೆ, ಕೇಳೋಕೆ ಅಲ್ಲಿ ನಿಂದೇನಿತ್ತಕ್ಕ, ನೀನೇ ಬುಟ್ಟೆಯಲ್ಲ ಅಂದ. ಅವನು ಹೇಳಿದ್ದು ಸರೀನೇ. ಅದಕ್ಕೇ ತಡ್ಕೊಳ್ಳೋಕಾಗಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಾಗಿನಾನ ಆಟೋದವನ ಕೈಲಿ ಕಳಿಸ್ದ."

ಗೌರಮ್ಮ ಒಳಗಿನಿಂದ ಬಂದರು. ತುಂಬ ಇಳಿದುಹೋಗಿದ್ದರು. ಮಗನ ಫ್ಲಾಟಿನಲ್ಲಿ ಮಲಗುವ ಕೋಣೆ ಎರಡೇ. ಇವರಿಗೆ ಹಾಲ್‌ನಲ್ಲಿ ದಿವಾನ ಹಾಕಿದ್ದರು, ಟಿವಿ ಆರಿಸುವವರೆಗೆ ಕಾದಿದ್ದು ಮಲಗಬೇಕಿತ್ತು. ಮಗಳು ಹೋಗಿ ಕರೆದುಕೊಂಡು ಬಂದಳು. ಆದರೆ ಮಗಳ ಮನೆಯಲ್ಲಿ ನೆಂಟರಾಗಿ ಇರಬಹುದೇ ಹೊರತು ನೆಲೆಯಾಗಿ ಇರುವುದು ಸರಿಯಲ್ಲ ಎಂಬುದು ಅವರ ಹಟ. ಸೀರೆಗಳನ್ನು ಬೀರುವಿನಲ್ಲಿ ಇಡಲು ಬಿಡದೆ, ಚೀಲದಲ್ಲೇ ಮಡಿಸಿ ಮಂಚದ ಕೆಳಗೆ ಇಟ್ಟುಕೊಂಡಿದ್ದರು. ಇಲ್ಲೇ ಆರಾಮವಾಗಿ ಇರಿ ಎಂದೆ. ನನ್ನ ಎದುರು ನೆಲದ ಮೇಲೆ ಕೂತು ನಿಧಾನವಾಗಿ ಮಾತಾಡಿದರು.

"ನಮ್ಮೋರು ಆ ಕೋಣೆನ ಇವಳ ಹೆಸರಿಗೆ ಬರೆದಿದ್ದು ನನ್ನ ಸಲುವಾಗೇ ಕಣಮ್ಮ. ನನ್ನ ಹೆಸರಿಗೆ ಬರೆದ್ರೆ ನಾನು ಮಗನಿಗೆ ಕೊಟ್ಬುಡ್ತೀನಿ ಅಂತ ಅವರಿಗೆ ಗೊತ್ತಿತ್ತು. ಮಗಳ ಹೆಸರಲ್ಲಿದ್ರೆ ಮುಟ್ಟೋಕೆ ಹೆದರ್ತೀನಿ ಅಂತ ಅಂಗೆ ಮಾಡಿದ್ರು."

ಅಂದು ಹೇಳಲಿಲ್ಲವೇಕೆ ಎಂದೆ. "ಅವತ್ತು ಅಳಿಯಂದ್ರ ಜೀವ ಮುಖ್ಯ ಆಗಿತ್ತು. ನನ್ನದು ಹೇಳ್ಕೊಂಡು ಕೂತ್ಕೋಬೇಕಿತ್ತಾ?" ಎಂದರು. ಎಷ್ಟೋ ಜನರ ಕಷ್ಟ ಕೇಳಿದ್ದೇನೆ, ಕೇಳಿ ಎದ್ದು ಬಂದಿದ್ದೇನೆ. ಅವತ್ತು ಏಳಲಾಗಲಿಲ್ಲ.

ಅವರೇ ಮತ್ತೆ ಮಾತು ತೆಗೆದರು. "ಒಂದ್ಮಾತು ಕೇಳ್ಲಾ ತಾಯಿ, ನಗಬೇಡಿ. ದೇಶದಲ್ಲಿ ಎಲ್ಲೂ ಮನೆ ಇಲ್ದೋರಿಗೆ ಸಹಾಯ ಅಂತ ಅವತ್ತು ಹೇಳಿದ್ರಲ್ಲ. ನಂಗೆ ಎಲ್ಲೂ ಇಲ್ಲ. ಯಾವತ್ತೂ ಇರ್ಲಿಲ್ಲ. ಅಪ್ಪನ ಮನೆ ಅಣ್ಣಂದಿರದಾಯ್ತು, ಗಂಡನ ಮನೆ ಮಗಂದಾಯ್ತು, ಇದು ಅಳಿಯಂದ್ರುದ್ದು. ನಂಗೆ ಕೊಡ್ತಾರಾ?"

"ಇದು ನನ್ನ ಹೆಸರಲ್ಲೇ ಇದೆ ಕಣಮ್ಮ" ಎಂದು ಶೈಲಜ ನಡುವೆ ಬಂದಳು.

"ಇರ್ಲಿ ಕಣೆ. ಮಗಳದು ನಂದಾಗುತ್ತಾ?"

ತಮಾಷೆಗೆ ಕೇಳಿದ್ದಾರೆ ಎಂದುಕೊಂಡು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಆ ಷರತ್ತನ್ನು ನಾನು ಎಷ್ಟು ಜನರಿಗೆ ಓದಿ ಹೇಳಿರಬಹುದೋ, ಅದಕ್ಕೆ ಇಷ್ಟು ಸರಿಯಾಗಿ ಹೊಂದುವವರು ನನ್ನ ಮೇಜಿನ ಮುಂದೆ ಬಂದದ್ದು ಇವರೊಬ್ಬರೇ. ಬಂದಾಗಲೂ ಮಗಳಿಗಾಗಿ ಬಂದಿದ್ದರು. ಸಾಲ ಕೊಡಲು ವಯಸ್ಸಿನ ಮಿತಿ ಇದೆಯಮ್ಮ, ಕಂತು ಮುಗಿಯುವವರೆಗೆ ದುಡಿಯುವವರಿಗೆ ಮಾತ್ರ ಕೊಡುತ್ತಾರೆ ಎಂದು ಹೇಗೋ ಹೇಳಿದೆ.

"ಅಂಗಾದ್ರೆ ಬುಡಿ" ಎಂದರು. ಮಂಡಿಯ ಮೇಲೆ ಕೈಯೂರಿ ಎದ್ದರು. ಬಿಸಿಲಲ್ಲಿ ಬಂದಿದ್ದೀರಿ, ಒಂದು ಲೋಟ ಕಾಫಿ ಮಾಡಿಕೊಡುತ್ತೇನೆ ಎಂದು ಅಡುಗೆಮನೆಯ ಕಡೆ ಹೋದರು. ಹೊಸ್ತಿಲ ಹತ್ತಿರ ಹೋಗಿ ನಿಂತರು, ಒಳಗೆ ಹೋಗಲಿಲ್ಲ. ಮಗಳ ಕಡೆ ತಿರುಗಿ ಮೆಲ್ಲಗೆ, "ಶೈಲು, ಸ್ವಲ್ಪ ಹಾಲು ತಗೊಳ್ಲೇನೆ?" ಎಂದು ಕೇಳಿದರು.